ಕೋಟಿನ ಗುಂಡಿ ಇದ್ದ ಡ್ರಮ್

ನಮ್ಮ ಅತ್ತೆಯ ಕೈಗೆ ಏನು ಸಿಕ್ಕಿದರೂ ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಕುಂಬಳಕಾಯಿ, ಬಕೆಟ್ಟು, ಬಾಗಿಲು, ಹೊಸ ಚಪ್ಪಲಿಯ ಅಟ್ಟೆ, ಯಾವುದೂ ತಪ್ಪಿಸಿಕೊಂಡಿಲ್ಲ. ಮಗುವಿಗೆ ತೊಟ್ಟಿಲು ಕೊಳ್ಳಲು ಹೋದಾಗ ಅಂಗಡಿಯಲ್ಲಿದ್ದ ಅಷ್ಟೂ ತೊಟ್ಟಿಲುಗಳನ್ನು ಬಡಿದು, ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಒಂದನ್ನು ಆರಿಸಿದರು. ಅಂಗಡಿಯವನ ಮುಖ ನೋಡಬೇಕಿತ್ತು. “ನಿನ್ನನ್ನ ಮೊದಲ ಸಲ ಮನೆಗೆ ಕರ್ಕೊಂಡು ಬಂದಾಗ ಅಮ್ಮನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದೆ, ಎಲ್ಲಿ ಹಣೆ ಮೇಲೆ ಬಡೀತಾರೋ ಅಂತ,” ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾನೆ. ಬೀದಿಯ ಜನ ಅವರನ್ನು ಟಕ್‌ಟಕ್ ಅಕ್ಕ ಅನ್ನುತ್ತಾರೆ. ನಿಜವಾದ ಹೆಸರು ಹಿಡಿದು ಕೂಗಿದರೆ ಅತ್ತೆ ತಿರುಗಿಯೂ ನೋಡುವುದಿಲ್ಲ.

ಅತ್ತೆಯದು ಹಳೆಯ ಡ್ರಮ್ಮುಗಳನ್ನು ರಿಪೇರಿ ಮಾಡುವ ಅಂಗಡಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ನಡುವೆ ಒಂದು ದಪ್ಪ ಪರದೆ. ಪರದೆಯ ಆಚೆ ಡ್ರಮ್ಮುಗಳು, ಈಚೆ ತೊಟ್ಟಿಲು, ಒಲೆ, ಎಂದೂ ಪೂರ್ತಿ ಒಣಗದ ಮಗುವಿನ ಬಟ್ಟೆ. ಈ ಕೆಲಸವನ್ನು ಅವರು ತಮ್ಮ ಅಪ್ಪನಿಂದ ಕಲಿತರು. ನಾವೆಲ್ಲ ಅಜ್ಜ ಎನ್ನುತ್ತಿದ್ದ ಅವರು ದೊಡ್ಡ ಹೋಟೆಲೊಂದರ ಊಟದ ಹಾಲಿನಲ್ಲಿ ಸಂಜೆ ಹೊತ್ತು ನುಡಿಸುತ್ತಿದ್ದ ವಾದ್ಯತಂಡದಲ್ಲಿ ಡ್ರಮ್ ಬಾರಿಸುತ್ತಿದ್ದರು. ಡ್ರಮ್ ಕೆಟ್ಟರೆ ಹೊರಗೆ ಕೊಡದೆ ಮನೆಯಲ್ಲೇ ಬಿಚ್ಚುವರು; ಬಿಚ್ಚಿದ ತಿರುಪುಗಳನ್ನು ಬಟ್ಟಲಲ್ಲಿ ಹಿಡಿದು ಕೂರುವ ಕೆಲಸ ದೊಡ್ಡ ಮಗಳದು. ಆ ದೊಡ್ಡ ಮಗಳೇ ನಮ್ಮ ಅತ್ತೆ.

ಈಚೆಗೆ ರಿಪೇರಿಗಿಂತ ಬೆಲೆ ಕೇಳಲು ಬರುವವರೇ ಹೆಚ್ಚು, ಅದರಲ್ಲೂ ಸ್ನೇರ್ ಡ್ರಮ್ಮಿಗೆ. ಡ್ರಮ್ ಸೆಟ್ಟಿನಲ್ಲಿ ಬಾರಿಸುವವನ ಮಂಡಿಗಳ ನಡುವೆ ಕೂರುವ ಗಿಡ್ಡ ಡ್ರಮ್ಮಿದೆಯಲ್ಲ, ಅದು. ತಳಕ್ಕೆ ತಾಗಿದಂತೆ ಸಣ್ಣ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಮೇಲೆ ಕೋಲು ಬಿದ್ದರೆ ಕೆಳಗೆ ತಂತಿ ಝರ್ರೆನ್ನುತ್ತದೆ. ಹಳೆಯ ಕಾಲದ ಸ್ನೇರುಗಳಿಗೆ ಈಗ ಹುಡುಕಿಕೊಂಡು ಬರುವ ಗಿರಾಕಿಗಳಿದ್ದಾರೆ.

ಬೆಲೆ ನೋಡುವಾಗ ಅತ್ತೆ ಅದನ್ನು ಬಾರಿಸಲು ಅವಸರ ಮಾಡುವುದಿಲ್ಲ. ಬಿಗಿದ ತಿರುಪುಗಳನ್ನು ಸಡಿಲಿಸಿ, ಲೋಹದ ಬಳೆಗಳನ್ನೂ ಮೇಲೆ ಕೆಳಗೆ ಬಿಗಿದ, ಕೋಲು ಬೀಳುವ ಹೊದಿಕೆಗಳನ್ನೂ ತೆಗೆದು, ಬರಿಯ ಮರದ ಮೈಯನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಒಳಗೆ ಟಾರ್ಚ್ ಇಟ್ಟು, ಮೇಲೆ ದಪ್ಪ ಬಟ್ಟೆ ಮುಚ್ಚಿ, ಕೋಣೆಯ ದೀಪ ಆರಿಸುತ್ತಾರೆ. ಅಂಚಿನ ಕೆಳಗಿಂದ ಎಲ್ಲಾದರೂ ಬೆಳಕು ಸೋರಿದರೆ ಮೈ ಸೊಟ್ಟಗಾಗಿದೆ ಎಂದು ಅರ್ಥ. ಆಮೇಲೆ ತೂತುಗಳ ವಿಚಾರಣೆ. ಕಾರ್ಖಾನೆಯಲ್ಲಿ ಕೊರೆದ ತೂತುಗಳು ಎಲ್ಲೆಲ್ಲಿ ಇರಬೇಕೋ ಅವರಿಗೆ ಗೊತ್ತು. ಅದಲ್ಲದೆ ಒಂದೇ ಒಂದು ತೂತು ಹೆಚ್ಚಿದ್ದರೂ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಉಜ್ಜಿ ಹೊಳಪು ಮಾಡಿ ತಂದವರನ್ನು ಕಂಡರಂತೂ ಅವರಿಗೆ ಮೈ ಉರಿಯುತ್ತದೆ. “ಕೊಳೆ ಇದ್ರೆ ಇರ್ಲಿ, ಅದು ಅದರದ್ದೇ ಕೊಳೆ. ತೂತು ಎಲ್ಲಿದೆ ಅದನ್ನ ಹೇಳಿ.”

ಮಾರಲು ಬರುವವರು ಡ್ರಮ್ಮಿನ ಜೊತೆ ಒಂದು ಕಥೆಯನ್ನೂ ತರುತ್ತಾರೆ. ಇದನ್ನು ಯಾರು ಬಾರಿಸಿದ್ದರು ಗೊತ್ತಾ, ಇದು ಹಡಗಿನಲ್ಲಿ ಬಂದದ್ದು, ಇದರ ಜೊತೆಗೆ ನಮ್ಮ ತಾತ ಮಲಗುತ್ತಿದ್ದರು. ಅತ್ತೆ ಪೂರ್ತಿ ಕೇಳುತ್ತಾರೆ, ಟೀ ಕೊಡುತ್ತಾರೆ, ಕೊನೆಗೆ “ಕಥೆ ನಿಮ್ಮ ಹತ್ರಾನೇ ಇರ್ಲಿ, ಡ್ರಮ್ಮಿಗಷ್ಟೇ ಬೆಲೆ ಹೇಳ್ತೀನಿ” ಎನ್ನುತ್ತಾರೆ. ಮಾರಾಟದ ಜಾಹೀರಾತನ್ನು ಫೋನಿನಲ್ಲಿ ಹಾಕುವವಳು ನಾನು. ಮೊದಲ ಸಲ ‘ಅತ್ಯಂತ ಸುಂದರವಾದ’ ಎಂದು ಶುರು ಮಾಡಿದ್ದೆ. ಅತ್ತೆ ಕನ್ನಡಕ ಏರಿಸಿ ಓದಿ ಅಳಿಸಿದರು. “ಎಲ್ಲಿ ಗೀರಿದೆ, ಎಲ್ಲಿ ತುಕ್ಕಿದೆ, ಅದನ್ನ ಬರಿ. ಬೇರೆಯವರು ಹೊಗಳಿ ಮಾರ್ತಾರೆ, ನಾವು ಚಾಡಿ ಹೇಳಿ ಮಾರೋದು.”

ಇನ್ನೊಂದು ಕಟ್ಟಳೆ ಇದೆ. ತಾವು ಬೆಲೆ ಹೇಳಿದ್ದನ್ನು ಅವರು ಎಂದೂ ಕೊಳ್ಳುವುದಿಲ್ಲ. ಮಾರಿಸಿಕೊಟ್ಟು ಕಮಿಷನ್ ತೆಗೆದುಕೊಳ್ಳುತ್ತಾರೆ, ಅಷ್ಟೇ. ಬೆಲೆ ಹೇಳುವ ಬಾಯಿ, ಕೊಳ್ಳುವ ಕೈ ಎರಡೂ ಒಬ್ಬಳದೇ ಆದರೆ ಯಾರು ನಂಬುತ್ತಾರೆ ಎನ್ನುವುದು ಅವರ ಪ್ರಶ್ನೆ. ಅಂಗಡಿ ಶುರುವಾದಾಗಿನಿಂದ ಇದನ್ನು ಮುರಿದದ್ದಿಲ್ಲ.

ಹೀಗಿರುವಾಗ ಬಸ್ ಮಾವ ಅಜ್ಜನ ಡ್ರಮ್ ತಂದರು.

ಬಸ್ ಮಾವ ಅತ್ತೆಯ ತಮ್ಮ. ಬಸ್ ಓಡಿಸುವುದರಿಂದ ಮನೆಮಂದಿಗೆಲ್ಲ ಬಸ್ ಮಾವ. ಅಜ್ಜ ಕೊನೆಗಾಲದಲ್ಲಿ ಅವರ ಮನೆಯಲ್ಲಿದ್ದರು. ಅಜ್ಜ ಹೋದಮೇಲೆ ಅವರ ಸ್ನೇರ್ ಡ್ರಮ್ ಅಲ್ಲೇ ಬೀರುವಿನ ಮೇಲೆ ಕೂತಿತ್ತು. ಅದನ್ನು ಹೂವಿನ ಚಾದರದಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಮಾವ ಒಳಗೆ ಬಂದರು. ಹಿಂದೆಯೇ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊಲಿಗೆ ಅಂಗಡಿಯಿಂದ ಎದ್ದು ಬಂದಿದ್ದರು.

“ಬಸ್ಸಲ್ಲಿ ತಂದ್ಯಾ? ಟಿಕೆಟ್ ತಗೊಂಡ್ಯಾ ಇದಕ್ಕೆ?” ಎಂದರು ಅತ್ತೆ.

“ಮಡಿಲ ಮಕ್ಕಳಿಗೆ ಟಿಕೆಟ್ ಇಲ್ಲ ಅಕ್ಕ.”

ಮೂವರೂ ನಕ್ಕರು. ಚಾದರ ಬಿಚ್ಚಿದಾಗ ನಗು ನಿಂತಿತು. ಮುತ್ತಿನ ಬಣ್ಣದ ಮೈ ಕಾಲ ಕಳೆದು ಬೆಣ್ಣೆ ಬಣ್ಣಕ್ಕೆ ತಿರುಗಿತ್ತು. ಬಳೆಗಳ ಹೊಳಪು ಮಂಕಾಗಿತ್ತು, ತುಕ್ಕು ಹಿಡಿದಿರಲಿಲ್ಲ. ಪಕ್ಕದಲ್ಲಿ ಅಂಗೈ ಮಧ್ಯದ ಮಚ್ಚೆಯ ಹಾಗೆ ಒಂದು ದೊಡ್ಡ ಬೂದು ಗುಂಡಿ, ಕೋಟಿನದು.

“ನೋಡು, ಒಂದು ಗೀರಿಲ್ಲ,” ಎಂದರು ಮಾವ. “ನಮಗಿಂತ ಚೆನ್ನಾಗಿ ಇದನ್ನ ನೋಡ್ಕೊಂಡಿದ್ರು ಅಪ್ಪ. ನಾನು ಬಿದ್ದು ಮಂಡಿ ಒಡ್ಕೊಂಡು ಬಂದ್ರೂ ಮೊದಲು ಡ್ರಮ್ಮಿಗೆ ತಾಗ್ತಾ ಅಂತ ಕೇಳೋರು.” ನಗುತ್ತಲೇ ಹೇಳಿದರು. ಆ ಮಾತನ್ನು ಅವರು ನನ್ನೆದುರು ಹೇಳಿದ್ದು ಅದು ಮೊದಲ ಸಲವಲ್ಲ.

ವಿಷಯ ಇಷ್ಟು: ಮಾವನ ಮನೆಯವರು ತೋರಿಸಿಕೊಳ್ಳುವ ಹಲ್ಲಿನ ಡಾಕ್ಟರೊಬ್ಬರಿಗೆ ಹಳೆಯ ಡ್ರಮ್ ಕೂಡಿಹಾಕುವ ಹುಚ್ಚು. ಫೋಟೋ ನೋಡಿಯೇ ಒಂದು ಸ್ಕೂಟರ್ ಬರುವಷ್ಟು ಬೆಲೆ ಹೇಳಿದ್ದಾರಂತೆ. ಭಾನುವಾರ ಇಲ್ಲಿಗೇ ಬಂದು ನೋಡುತ್ತಾರೆ. ಮೂರು ಜನರೂ ಸಮ ಹಂಚಿಕೊಳ್ಳಬಹುದು.

“ಅದಕ್ಕೆ ಮುಂಚೆ ನೀನು ಒಂದು ಬೆಲೆ ಹೇಳಕ್ಕ. ಡಾಕ್ಟ್ರು ನಮ್ಮನ್ನ ಯಾಮಾರಿಸಬಾರದು.”

ಅತ್ತೆ ಬೆರಳ ಗೆಣ್ಣಿನಿಂದ ಡ್ರಮ್ಮಿನ ಅಂಚನ್ನು ಒಂದು ಸುತ್ತು ಬಡಿದರು. ತುಂಬ ನಿಧಾನವಾಗಿ. “ಭಾನುವಾರ ಹೇಳ್ತೀನಿ, ಎಲ್ಲರ ಎದುರಿಗೇ,” ಎಂದರು.

ಅವರು ಹೋದಮೇಲೆ ಅತ್ತೆ ಅಂಗಡಿಯ ಗೋಡೆಯ ನಡುಗೂಡಿನಲ್ಲಿದ್ದ ಸಾಮಾನನ್ನು ಪಕ್ಕಕ್ಕೆ ಸರಿಸಿ ಡ್ರಮ್ಮನ್ನು ಅಲ್ಲಿಟ್ಟರು. ಅದು ಅಲ್ಲಿಗೇ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸ್ವಲ್ಪ ಹೊತ್ತು ನೋಡಿದರು. ಮತ್ತೆ ತೆಗೆದು ಕೆಲಸದ ಮೇಜಿನ ಮೇಲಿಟ್ಟರು. ಹಲ್ಲು ಬರುತ್ತಿದ್ದ ಮಗಳು ನನ್ನ ಹೆಗಲು ಕಚ್ಚುತ್ತಿದ್ದಳು. ಅವಳನ್ನು ತಟ್ಟುತ್ತ ಪರದೆಯ ಬಳಿ ನಿಂತು ನಾನು ಇದನ್ನು ಕಂಡೆ.

“ಅತ್ತೆ, ನಿಮಗೆ ಇದು ಬೇಕು ತಾನೆ?”

“ಬೇಕು,” ಎಂದರು, ಉಪ್ಪು ಬೇಕು ಅಂದಷ್ಟೇ ಸಲೀಸಾಗಿ.

“ಹಾಗಾದ್ರೆ ಬೆಲೆ ಬೇರೆ ಯಾರಾದ್ರೂ ಹೇಳ್ಲಿ, ನೀವು ತಗೊಳ್ಳಿ. ಕಟ್ಟಳೆಯೂ ಉಳೀತು, ಡ್ರಮ್ಮೂ ಉಳೀತು.”

“ಬಾ ಇಲ್ಲಿ.” ಆ ಬೂದು ಗುಂಡಿಯನ್ನು ತೋರಿಸಿದರು. “ಇದರ ಕೆಳಗೆ ಒಂದು ತೂತಿದೆ. ಅಪ್ಪ ಕೊರೆದದ್ದು. ಕೊರೀವಾಗ ಡ್ರಮ್ ಹಿಡ್ಕೊಂಡಿದ್ದೋಳು ನಾನು. ಗೊತ್ತಿಲ್ಲದವರು ಅಲಂಕಾರ ಅಂದ್ಕೊಂಡು ಸ್ಕೂಟರ್ ಬೆಲೆ ಹೇಳ್ತಾರೆ. ಅಷ್ಟು ನನ್ನ ಹತ್ರ ಎಲ್ಲಿದೆ? ತೂತಿದೆ ಅಂತ ನಾನು ಬಾಯಿಬಿಟ್ರೆ ಬೆಲೆ ಅರ್ಧ ಆಗತ್ತೆ. ಆಗ ಅರ್ಧಕ್ಕೆ ನಾನೇ ತಗೊಂಡ್ರೆ ಹೇಗೆ ಕಾಣತ್ತೆ ಹೇಳು?”

ಹೇಗೆ ಕಾಣುತ್ತದೆ ಎಂದು ನನಗೂ ಗೊತ್ತಾಯಿತು. ಅಕ್ಕ ಬೇಕೆಂದೇ ಬೆಲೆ ಇಳಿಸಿ ಹೊಡೆದುಕೊಂಡಳು ಎಂದು ಮಾವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಬಿಡುತ್ತದೆ. ಸುಮ್ಮನಿದ್ದರೆ ಡಾಕ್ಟರಿಗೆ ಮೋಸ.

“ತೂತು ಯಾಕೆ ಕೊರೆದ್ರು ಅಂತ ಅವರಿಗೆ ಹೇಳಿದ್ರೆ?”

“ಅದು ಕಥೆ. ಕಥೆ ಹೇಳಿ ಬೆಲೆ ಏರಿಸೋರನ್ನೇ ನಾನು ಬಯ್ತೀನಿ. ಇನ್ನು ಕಥೆ ಹೇಳಿ ನಾನೇ ಗಿಟ್ಟಿಸ್ಕೊಳೋದಾ?” ಎಂದು ಮಗುವನ್ನು ನನ್ನಿಂದ ಎತ್ತಿಕೊಂಡು ಬೆನ್ನು ತಟ್ಟತೊಡಗಿದರು. ಅವರ ತಟ್ಟುವಿಕೆಗೆ ಒಂದು ತಾಳವಿದೆ. ನಾನು ಎಷ್ಟು ಪ್ರಯತ್ನಪಟ್ಟರೂ ಆ ತಾಳ ನನ್ನ ಕೈಗೆ ಬಂದಿಲ್ಲ. ಮಗಳು ಕಚ್ಚುವುದು ಬಿಟ್ಟು ತೂಕಡಿಸಿದಳು.

ಭಾನುವಾರ ಊಟ ಮುಗಿಸಿ ಮಾವ, ಚಿಕ್ಕತ್ತೆ ಬಂದರು. ಡಾಕ್ಟರು ಬರುವುದು ಇನ್ನೂ ತಡವಿತ್ತು. ಅತ್ತೆ ಗಾಜಿನ ಹಲಗೆ, ಟಾರ್ಚು, ತಿರುಪು ಬಿಚ್ಚುವ ಸಣ್ಣ ಕೀಲಿ ಎಲ್ಲ ಮೇಜಿನ ಮೇಲೆ ಜೋಡಿಸಿ, ತಾವು ಮಾತ್ರ ಕೈಕಟ್ಟಿ ಸ್ಟೂಲಿನ ಮೇಲೆ ಕೂತರು. ಸ್ಕೂಟರ್ ಬೆಲೆಯ ಅರ್ಧ ಹೇಳಿದರು.

ಮಾವನ ಮುಖ ಬಾಡಿತು. “ಅರ್ಧ? ಡಾಕ್ಟ್ರು ಫೋಟೋದಲ್ಲೇ...”

“ಫೋಟೋದಲ್ಲಿ ಕಾಣದ್ದು ಒಂದಿದೆ.”

“ನಿನಗೇ ಬೇಕು ಅಂತಿದ್ರೆ ಬಾಯಿಬಿಟ್ಟು ಹೇಳಕ್ಕ. ಇದೆಲ್ಲ ಸುತ್ತು ಬಳಸು ಯಾಕೆ?”

ಚಿಕ್ಕತ್ತೆ “ಏ, ಸುಮ್ನಿರೋ” ಎಂದರು. ನಾನು ಒಳಗೆ ಹೋಗಿ ಸುಮ್ಮನೆ ಹಾಲು ಬಿಸಿಗಿಟ್ಟೆ, ಮಗುವಿಗೆ ಹಸಿವಿರಲಿಲ್ಲ. ಕಿವಿ ಮಾತ್ರ ಪರದೆಗೇ ಅಂಟಿತ್ತು.

“ನಾನು ಬೆಲೆ ಹೇಳಿದ್ದಾಯ್ತು. ಇನ್ನು ನಾನು ಇದನ್ನ ತಗೊಳೋ ಹಾಗಿಲ್ಲ,” ಎಂದರು ಅತ್ತೆ. ದನಿ ಏರಿಸಲಿಲ್ಲ. “ನಂಬಿಕೆ ಇಲ್ದಿದ್ರೆ ಕೀಲಿ ತಗೊ. ನೀನೇ ಬಿಚ್ಚು. ನಾನು ಮುಟ್ಟಲ್ಲ.”

ನಾನು ಪರದೆ ಸರಿಸಿ ಇಣುಕಿದೆ. ಮಾವ ದೊಡ್ಡ ಸ್ಟೀರಿಂಗ್ ತಿರುಗಿಸುವ ಕೈಯವರು. ಆ ಬೆರಳು ಮಗುವಿನ ಉಗುರಿನಷ್ಟು ಸಣ್ಣ ತಿರುಪಿನ ಮೇಲೆ ಜಾರುತ್ತಿತ್ತು. ಅತ್ತೆ “ಎಡಕ್ಕೆ... ಎದುರಿನದ್ದು ಬಿಚ್ಚು, ಪಕ್ಕದ್ದಲ್ಲ” ಎಂದು ಹೇಳಿಕೊಡುತ್ತ ಹೋದರು. ಚಿಕ್ಕತ್ತೆ ತಿರುಪುಗಳನ್ನು ಬಟ್ಟಲಲ್ಲಿ ಹಿಡಿದರು. ಮೇಲಿನ ಬಳೆ ಬಂತು, ಹೊದಿಕೆ ಬಂತು. ಮಾವ ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದರು.

“ತೂತಿದೆ,” ಎಂದರು ಕೊನೆಗೆ. “ಗುಂಡೀನ ತಂತಿ ಹಾಕಿ ಕಟ್ಟಿದ್ದಾರೆ. ಅದರ ಸುತ್ತ ಏನೋ ಅಂಟಿದೆ. ಜೇಡರ ಬಲೆ ಥರ.”

“ಕೊಡಿಲ್ಲಿ.” ಚಿಕ್ಕತ್ತೆ ಎರಡು ಉಗುರಿನ ನಡುವೆ ಅದನ್ನು ಕಿತ್ತು ಬೆಳಕಿಗೆ ಹಿಡಿದರು. ಬಟ್ಟೆ ಅಂದರೆ ಅವರ ಕಣ್ಣು ಅಂಥದ್ದು. “ಇದು ಉಣ್ಣೆ. ಅಕ್ಕ, ಇದು ಅಮ್ಮನ ಬೂದು ಕೋಟಿನದ್ದು. ಗುಂಡಿ ಅಮ್ಮಂದು ಅಂತ ಗೊತ್ತಿತ್ತು, ಚಂದಕ್ಕೆ ಹಾಕಿದ್ದಾರೆ ಅಂದ್ಕೊಂಡಿದ್ದೆ. ಉಣ್ಣೆ ಯಾಕೆ ಒಳಗೆ ಬಂತು?”

ಅತ್ತೆ ತಮ್ಮನ ಕಡೆ ನೋಡಿದರು. “ಬೆಲೆ ಹೇಳಿ ಆಯ್ತಲ್ಲ. ಈಗ ಬೇಕಿದ್ರೆ ಕಥೆ ಹೇಳ್ತೀನಿ. ಇದಕ್ಕೂ ಬೆಲೆಗೂ ಸಂಬಂಧ ಇಲ್ಲ.”

ಅವರು ಹೇಳಿದ್ದು ಇಷ್ಟು. ಆಗ ಇದ್ದದ್ದು ಒಂದೇ ಕೋಣೆಯ ಮನೆ. ಅಜ್ಜ ಮಧ್ಯಾಹ್ನ ಅಭ್ಯಾಸ ಮಾಡಬೇಕು, ಸಂಜೆ ಹೋಟೆಲಿಗೆ ಹೋಗಬೇಕು. ಬಸ್ ಮಾವ ಆಗಷ್ಟೇ ಹುಟ್ಟಿದ್ದರು. ಮಧ್ಯಾಹ್ನ ಬಿಟ್ಟರೆ ಬೇರೆ ಹೊತ್ತಿನಲ್ಲಿ ಕಣ್ಣು ಮುಚ್ಚದ ಕೂಸು. ಮೇಲೆ ಬಟ್ಟೆ ಹಾಸಿ ಬಾರಿಸಿದರೆ ಕೋಲು ಪುಟಿಯದು. ಕೊನೆಗೆ ಅಜ್ಜ ಚಮಚದ ಹಿಡಿಯೊಂದನ್ನು ಬಗ್ಗಿಸಿ, ಅದರ ತುದಿಗೆ ಹೆಂಡತಿಯ ಕೋಟಿನ ಒಳಮಡಿಕೆಯಿಂದ ಕತ್ತರಿಸಿದ ಉಣ್ಣೆ ಸುತ್ತಿ, ಡ್ರಮ್ಮಿನ ಒಳಗಿಂದ ಹೊದಿಕೆಗೆ ಒತ್ತಿ ಸದ್ದು ತಗ್ಗಿಸುವಂತೆ ಕೂರಿಸಿದರು. ಅದನ್ನು ಬಿಗಿಯಲು ಹೊರಗಿಂದ ಒಂದು ತಿರುಪು ಬೇಕು, ತಿರುಪಿಗೆ ತೂತು ಬೇಕು.

“ಕೊರೆಯೋಕೆ ಮುಂಚೆ ತುಂಬ ಹೊತ್ತು ಸುಮ್ನೆ ಕೂತಿದ್ರು,” ಎಂದರು ಅತ್ತೆ. “ತೂತು ಬಿದ್ರೆ ಇದು ಇನ್ನು ಮೊದಲಿನ ಹಾಗಾಗಲ್ಲ ಅಂತ ಗೊತ್ತಿತ್ತಲ್ಲ ಅವರಿಗೆ. ಆಮೇಲೆ ನನಗೆ, ಗಟ್ಟಿಯಾಗಿ ಹಿಡ್ಕೋ ಅಂದ್ರು. ನೀನು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಅದನ್ನ ಬಿಚ್ಚಿ ತೆಗೆದ್ರು. ಅಮ್ಮ ಗುಂಡಿ ಕೊಟ್ಟಳು.”

ಮಾವ ಡ್ರಮ್ಮಿನ ಒಳಗೇ ನೋಡುತ್ತಿದ್ದರು. ಟಾರ್ಚ್ ಆರಿಸಲು ಮರೆತಿದ್ದರು. ನಾನು ಟೀ ತಂದಿಟ್ಟೆ. ಬಿಸಿಗಿಟ್ಟಿದ್ದ ಹಾಲಿಗೆ ಒಂದು ಗತಿ ಕಾಣಿಸಬೇಕಿತ್ತಲ್ಲ.

ಹಲ್ಲಿನ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ. ನಮ್ಮ ಮಗಳನ್ನು ಕಂಡ ಕೂಡಲೇ ವಸಡು ಒತ್ತಿ ನೋಡಿ “ಮುಂದಿನ ವಾರ ಬರತ್ತೆ” ಎಂದರು. ಬಿಚ್ಚಿಟ್ಟ ಡ್ರಮ್ಮನ್ನೂ ಅಷ್ಟೇ ನಯವಾಗಿ ತಿರುಗಿಸಿ ನೋಡಿದರು. ಅತ್ತೆ ತಾವಾಗಿಯೇ ಗುಂಡಿ ತೋರಿಸಿ ತೂತಿನ ವಿಷಯ ಹೇಳಿದರು.

“ಅಯ್ಯೋ, ಹೌದಾ?” ಡಾಕ್ಟರು ಗಲ್ಲ ತುರಿಸಿಕೊಂಡರು. “ಗುಂಡಿ ಕಿತ್ತು, ತೂತಿಗೆ ಮರ ತುಂಬಿಸಿ, ಮೇಲಿನ ಮುತ್ತಿನ ಬಣ್ಣದ ಹಾಳೆ ಹೊಸದು ಹಾಕಿಸಿದ್ರೆ? ಹಲ್ಲಿಗೆ ತುಂಬಿದ ಹಾಗೆ. ನಿಮ್ಮ ಕೈಲಿ ಆಗತ್ತಲ್ಲ? ಹಾಗೆ ಮಾಡಿಕೊಡಿ, ನಾನು ಹೇಳಿದ ಬೆಲೆಗೆ ಸ್ವಲ್ಪವೇ ಕಡಿಮೆ ಕೊಡ್ತೀನಿ.”

“ಆಗತ್ತೆ,” ಎಂದರು ಅತ್ತೆ. “ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದು. ಇವರಿಬ್ಬರು ಹೂಂ ಅಂದ್ರೆ ಮಾಡಿಕೊಡ್ತೀನಿ.” ತೊಡೆಯ ಮೇಲಿದ್ದ ಅವರ ಕೈ ಆಡಲಿಲ್ಲ. ಬಡಿಯಲು ಏನೂ ಹುಡುಕಲಿಲ್ಲ. ಅವರನ್ನು ಅಷ್ಟು ಸುಮ್ಮನೆ ನಾನು ಕಂಡದ್ದೇ ಇಲ್ಲ.

ಚಿಕ್ಕತ್ತೆ ತಮ್ಮನನ್ನು ನೋಡಿದರು. ಮಾವ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು.

“ಬೇಡ ಡಾಕ್ಟ್ರೇ. ಇದು ನನ್ನ ತೂತು. ತುಂಬಿಸೋದು ಬೇಡ.”

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಟೀ ಕುಡಿದು, ಇನ್ನೊಂದು ಹಿತ್ತಾಳೆ ಡ್ರಮ್ಮನ್ನು ಮೆಚ್ಚಿಕೊಂಡು, ಅದರ ಚಾಡಿಯನ್ನೆಲ್ಲ ಅತ್ತೆಯ ಬಾಯಿಂದ ಕೇಳಿ ಹೊರಟರು. ಅವರು ಹೋದಮೇಲೆ ಮಾವ ಅತ್ತೆಯ ಕಡೆ ತಿರುಗಿದರು.

“ನೀನು ಬೆಲೆ ಹೇಳಿದೀಯ, ತಗೊಳೋ ಹಾಗಿಲ್ಲ, ಅಲ್ವಾ ಅಕ್ಕ?” ಎಂದರು ಮಾವ.

“ಇಲ್ಲ.”

“ಹಾಗಾದ್ರೆ ನೀನು ಹೇಳಿದ ಬೆಲೆಗೆ ನಾನು ತಗೋತೀನಿ. ನಿಮ್ಮಿಬ್ಬರ ಪಾಲು ಕೊಡ್ತೀನಿ.”

ನಾನು ಅತ್ತೆಯ ಮುಖ ನೋಡಿದೆ. ಒಂದು ಕ್ಷಣ ಅವರ ಕಣ್ಣು ನಡುಗೂಡಿನ ಕಡೆ ಹೋಯಿತು, ವಾಪಸ್ ಬಂತು. “ಸರಿ,” ಎಂದರು. ಮಾವನ ಕೈಯಿಂದಲೇ ಎಲ್ಲ ತಿರುಪುಗಳನ್ನು ಮತ್ತೆ ಬಿಗಿಸಿದರು, ಎದುರುಬದುರಾಗಿ, ಒಂದೊಂದಾಗಿ. ಹೂವಿನ ಚಾದರದಲ್ಲಿ ಡ್ರಮ್ ಬಂದ ಹಾಗೇ ಹೋಯಿತು. ಆ ಸಂಜೆ ಅತ್ತೆ ನಡುಗೂಡಿನಲ್ಲಿ ಮಗುವಿನ ಔಷಧಿ ಬಾಟಲಿಗಳನ್ನು ಇಟ್ಟರು. “ಖಾಲಿ ಜಾಗ, ಕೈಗೆ ಸಿಗತ್ತೆ,” ಎಂದರು. ಕೇಳಿದವರಿಗೆ ಹೌದೆನಿಸಬೇಕು, ಹಾಗೆ ಹೇಳಿದರು. ನನಗೆ ಮಾತ್ರ ಆ ಬಾಟಲಿಗಳನ್ನು ನೋಡಿದಾಗಲೆಲ್ಲ ಬೇಜಾರಾಗುತ್ತಿತ್ತು.

ಮಗಳಿಗೆ ಹಲ್ಲು ಬಂತು, ಡಾಕ್ಟರು ಹೇಳಿದ್ದಕ್ಕಿಂತ ತಡವಾಗಿ. ಅದಾದ ಕೆಲವು ದಿನಕ್ಕೆ, ಒಂದು ರಜೆಯ ಮಧ್ಯಾಹ್ನ, ಬಸ್ ಮಾವ ಮತ್ತೆ ಚಾದರದ ಗಂಟು ಹೊತ್ತು ಬಾಗಿಲಲ್ಲಿ ನಿಂತರು.

“ಏನೋ, ಮಾರಬೇಕಾ?” ಅತ್ತೆ ಕೇಳಿದರು.

“ಸುಮ್ನೆ ಇಟ್ಕೊಂಡು ಏನು ಮಾಡೋದು ಅಂತ ಬಾರಿಸೋಕೆ ಕೂತೆ ಅಕ್ಕ. ಕೆಳಗಿನ ಮನೆಯವರು ಮೇಲೆ ಬಂದ್ರು. ಪಕ್ಕದ ಮನೆಯವರೂ ಬಂದ್ರು. ನನ್ನ ಹೆಂಡತಿ, ಒಂದೋ ಅದು ಇಲ್ಲ ಕಿವಿಗೆ ಹತ್ತಿ ಅಂತಾಳೆ.” ತಲೆ ಕೆರೆದುಕೊಂಡರು. “ಅಪ್ಪ ಮಾಡಿದ್ರಲ್ಲ, ಆ ಚಮಚ. ಅದನ್ನ ಮತ್ತೆ ಹಾಕ್ತೀಯಾ? ತೂತು ಹೇಗೂ ಇದೆ.”

ಅತ್ತೆ ನೆಟ್ಟಗೆ ನನ್ನ ಅಡುಗೆಮನೆಗೆ ಬಂದು, ಚಮಚಗಳನ್ನು ಒಂದೊಂದಾಗಿ ಕಟ್ಟೆಗೆ ಬಡಿದು, ಇರುವುದರಲ್ಲಿ ಒಳ್ಳೆಯದನ್ನೇ ಎತ್ತಿಕೊಂಡು ಹೋದರು. ಉಣ್ಣೆಗೆ ನಾನು ಮಗುವಿಗೆ ಚಿಕ್ಕದಾದ ಟೋಪಿ ಕೊಟ್ಟೆ. ಕತ್ತರಿ ಹಾಕುವಾಗ ಅತ್ತೆ ನನ್ನ ಮುಖ ನೋಡಿದರು. “ಕತ್ತರಿಸಿ ಅತ್ತೆ, ಅವಳ ತಲೆ ಇನ್ನು ಚಿಕ್ಕದಾಗಲ್ಲ,” ಎಂದೆ. ಅಷ್ಟು ಹೇಳಿಯೂ ಉಳಿದ ಅರ್ಧ ಟೋಪಿಯನ್ನು ಬೀರುವಿನಲ್ಲಿ ಎತ್ತಿಟ್ಟಿದ್ದೇನೆ.

ಗುಂಡಿಯನ್ನು ಬಿಚ್ಚಿ, ಅದರ ನಡುವಿನಿಂದಲೇ ತಿರುಪು ತೂರಿಸಿ, ಅದು ಹೊರಗೆ ಹಿಡಿಯಂತೆ ಉಳಿಯುವ ಹಾಗೆ ಅತ್ತೆ ಕೂರಿಸಿದರು. ಕೆಲಸ ಮುಗಿದಾಗ ಮಗಳು ತೊಟ್ಟಿಲಲ್ಲಿ ಮಲಗಿದ್ದಳು. ಪರದೆ ಸರಿಸಿ ತೊಟ್ಟಿಲು ಕಾಣುವ ಹಾಗೆ ಸ್ಟೂಲು ಹಾಕಿಕೊಂಡು, ಡ್ರಮ್ಮನ್ನು ಮಂಡಿಗಳ ನಡುವೆ ಇಟ್ಟುಕೊಂಡು ಅತ್ತೆ ಕೋಲು ಎತ್ತಿದರು. ನಾನು ತೊಟ್ಟಿಲಿನ ಮೇಲೆ ಕೈಯಿಟ್ಟು ಕೂತೆ. ಅವಳನ್ನು ಮಲಗಿಸಲು ಪಟ್ಟ ಪಾಡು ನನ್ನದು.

ಒಣಗಿದ ಎಲೆಗಳ ಮೇಲೆ ಯಾರೋ ನಡೆದು ಹೋದಂಥ ಸದ್ದು. ಅದರಲ್ಲಿ ಎಲ್ಲವೂ ಇತ್ತು, ಕೋಲಿನ ಓಟ, ತಂತಿಯ ಝರ್ರು. ದನಿ ಮಾತ್ರ ತಗ್ಗಿತ್ತು. ಆ ತಾಳ ಎಲ್ಲಿ ಕೇಳಿದ್ದೆ ಎಂದು ಯೋಚಿಸಿದೆ. ಮಗುವಿನ ಬೆನ್ನು ತಟ್ಟುವಾಗ ಅವರ ಕೈಯಲ್ಲಿ ಇರುವುದು ಅದೇ.

ಮಾವ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು ಮಗುವಿನ ಮುಖವನ್ನೇ ನೋಡುತ್ತಿದ್ದರು.

“ನೀನೂ ಹೀಗೇ ಮಲಗ್ತಿದ್ದೆ, ಬಾಯಿ ತೆಗೆದುಕೊಂಡು,” ಎಂದರು ಅತ್ತೆ, ಬಾರಿಸುವುದು ನಿಲ್ಲಿಸದೆ.

“ನನಗೂ ಇದನ್ನ ಹೇಳಿಕೊಡ್ತೀಯಾ ಅಕ್ಕ? ರಜೆ ಇದ್ದಾಗ ಬರ್ತೀನಿ. ಪ್ರತಿ ಸಲ ಹೊತ್ಕೊಂಡು ಬರೋದು ಕಷ್ಟ, ಡ್ರಮ್ ಇಲ್ಲೇ ಇರ್ಲಿ.” ಸ್ವಲ್ಪ ತಡೆದು ಸೇರಿಸಿದರು, “ನಂದೇ ಅದು, ಇರ್ಲಿ ಅಷ್ಟೇ.”

“ನಿಂದೇ,” ಎಂದರು ಅತ್ತೆ.

ನಾನು ಎದ್ದು ನಡುಗೂಡಿನ ಔಷಧಿ ಬಾಟಲಿಗಳನ್ನು ಅಡುಗೆಮನೆಗೆ ಸಾಗಿಸಿದೆ. ಮಗಳು ಏಳಲಿಲ್ಲ.